ಹಂದಿ ಆಹಾರದ ವಿಷಕ್ಕೆ ಬ್ಯಾಕ್ಟೀರಿಯಾ ಮದ್ದು: ದಾವಣಗೆರೆಯ ಮೆಕ್ಕೆಜೋಳಕ್ಕೆ ಇದು ಎಷ್ಟು ಹೊಂದುತ್ತದೆ?

ಮೆಕ್ಕೆಜೋಳದ ಬೆಲೆ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕುಸಿದ ಸುದ್ದಿ ಒಂದು ಕಡೆ, ತೇವಾಂಶ ಹೆಚ್ಚೆಂದು ದರ ಕಡಿದ ಸುದ್ದಿ ಇನ್ನೊಂದು ಕಡೆ. ಇವುಗಳ ನಡುವೆಯೇ, ಬೂಷ್ಟು ಹಿಡಿದ ಕಾಳಿನ ವಿಷವನ್ನು ಉಪಕಾರಿ ಬ್ಯಾಕ್ಟೀರಿಯಾಗಳು ಕಳೆಯುತ್ತವೆ, ಅಂಥ ಕಾಳನ್ನು ಹಂದಿಗಳಿಗೆ ತಿನ್ನಿಸಿದರೂ ತೊಂದರೆಯಿಲ್ಲ ಎಂಬ ಮಾತು ಮೂರನೆಯ ಕಡೆಯಿಂದ ಬರುತ್ತಿದೆ. ಮೂರನ್ನೂ ಒಟ್ಟಿಗೆ ಓದಿದವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಅಡುಗೆಯ ಬೆಂಕಿಗೂ ಜಗ್ಗದ ವಿಷ ಎಂದು ಇಷ್ಟು ವರ್ಷ ಹೇಳಿದ್ದನ್ನು ಕಣ್ಣಿಗೆ ಕಾಣದ ಜೀವಿಯೊಂದು ಮುರಿಯುವುದು ನಿಜವೇ? ನಿಜವಾದರೆ, ದಾವಣಗೆರೆ ಮತ್ತು ಚಿತ್ರದುರ್ಗದಲ್ಲಿ ಪ್ರತಿ ಹಂಗಾಮಿನಲ್ಲೂ ಮಳೆಗೆ ಸಿಕ್ಕಿ ಕಪ್ಪಾಗುವ ಮೆಕ್ಕೆಜೋಳಕ್ಕೆ ದಾರಿ ಸಿಕ್ಕಿತೇ?

ಮೊದಲ ಪ್ರಶ್ನೆಗೆ ಉತ್ತರ ಹೌದು. ಎರಡನೆಯದಕ್ಕೆ ಉತ್ತರ ಬಹುಮಟ್ಟಿಗೆ ಇಲ್ಲ. ಈ ಎರಡು ಉತ್ತರಗಳ ನಡುವಿನ ಅಂತರ ಅರ್ಥವಾಗದೆ ಹೋದರೆ ನಷ್ಟ ಅನುಭವಿಸುವವರು ಹಂದಿ ಸಾಕುವವರೇ.

ಬೂಷ್ಟು ಬೇರೆ, ವಿಷ ಬೇರೆ

ಬೂಷ್ಟು ಒಂದು ಜೀವಿ. ವಿಷ ಅದು ಬೆಳೆಯುವಾಗ ಕಾಳಿನೊಳಗೆ ಬಿಟ್ಟುಹೋಗುವ ರಾಸಾಯನಿಕ. ಬಿಸಿಲಿಗೆ ಹರಡಿ, ಕೈಯಲ್ಲಿ ಉಜ್ಜಿ, ತೂರಿದರೆ ಹಸಿರು ಪುಡಿ ಹಾರಿಹೋಗುತ್ತದೆ, ಮುಗ್ಗಲು ವಾಸನೆಯೂ ತಗ್ಗುತ್ತದೆ, ಕಾಳು ಮಾರಾಟಕ್ಕೆ ತಕ್ಕಂತೆ ಕಾಣುತ್ತದೆ. ಆದರೆ ಒಳಗಿನ ರಾಸಾಯನಿಕ ಅಲ್ಲಿಯೇ ಇರುತ್ತದೆ. ಬೂಷ್ಟು ಸತ್ತ ಎಷ್ಟೋ ತಿಂಗಳ ನಂತರವೂ ಅದು ಉಳಿಯುತ್ತದೆಯಾದ್ದರಿಂದ, ನೋಡುವುದಕ್ಕೆ ಚೆನ್ನಾಗಿರುವ ಜೋಳದಲ್ಲೂ ವಿಷ ಇರಬಹುದು.

ಈ ತಿಳಿವು ಗಟ್ಟಿಯಾದದ್ದು 1960ರ ಒಂದು ಘಟನೆಯಿಂದ. ಇಂಗ್ಲೆಂಡಿನಲ್ಲಿ ಆ ವರ್ಷ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ ಸಿಕ್ಕಿತು, ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಸಿಕ್ಕಿತು, ಅದರ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ಶೇಂಗಾ ಬೆಳೆದು ಎಣ್ಣೆ ತೆಗೆದು ಹಿಂಡಿ ಮಾರುವ ಚಳ್ಳಕೆರೆ ಸೀಮೆಯವರಿಗೆ ಈ ಕಥೆ ದೂರದ್ದೇನಲ್ಲ. ನಮ್ಮ ದೇಶದಲ್ಲಿ 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿಭಾಗದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆನೆದ ಬಿಳಿಜೋಳ ಮತ್ತು ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡಾಗ, ಅದಕ್ಕೆ ಕಾರಣ ಫ್ಯುಮೋನಿಸಿನ್ ಎಂಬ ಬೇರೆಯೇ ವಿಷ ಎಂದು ಗುರುತಿಸಲಾಯಿತು.

ವಿಷದ ಪ್ರಮಾಣ ಎಷ್ಟು ಸಣ್ಣದೆಂಬುದನ್ನೂ ಇಲ್ಲಿಯೇ ಹೇಳಬೇಕು. ಭಾರತೀಯ ಮಾನಕ ಬ್ಯೂರೋ ದನಗಳ ತಯಾರಿ ಆಹಾರಕ್ಕೆ ಹಾಕಿರುವ ಅಫ್ಲಾಟಾಕ್ಸಿನ್ ಬಿ1 ಮಿತಿ 20 ಪಿಪಿಬಿ, ಅಂದರೆ ಒಂದು ಟನ್ನಿಗೆ 20 ಮಿಲಿಗ್ರಾಂ. ಹತ್ತು ಟನ್ ಜೋಳ ತುಂಬಿದ ಲಾರಿಯಲ್ಲಿ 200 ಮಿಲಿಗ್ರಾಂ ಇದ್ದರೆ ಮಿತಿ ತಲುಪಿದಂತೆ. ಅದು ಸಾಮಾನ್ಯವಾಗಿ ಒಂದೇ ಒಂದು ಮೆಕ್ಕೆಜೋಳದ ಕಾಳಿನ ತೂಕಕ್ಕಿಂತ ಕಡಿಮೆ. ಅದೂ ಲಾರಿಯ ತುಂಬ ಸಮನಾಗಿ ಹರಡಿರುವುದಿಲ್ಲ. ನೆನೆದ ಒಂದೆರಡು ಚೀಲಗಳಲ್ಲಿ, ಹುಳು ಕೊರೆದ ಕೆಲವು ತೆನೆಗಳಲ್ಲಿ ಗುಂಪುಗಟ್ಟಿರುತ್ತದೆ. ಆದ್ದರಿಂದಲೇ ಒಂದು ಹಿಡಿ ತೆಗೆದು ಮಾಡಿಸಿದ ಪರೀಕ್ಷೆಯಲ್ಲಿ ಏನೂ ಸಿಗದೆ, ಅದೇ ಲಾರಿಯ ಇನ್ನೊಂದು ಹಿಡಿಯಲ್ಲಿ ಮಿತಿ ಮೀರಿದ ವಿಷ ಸಿಗಬಹುದು.

ಹಂದಿಗೇ ಏಕೆ ಹೆಚ್ಚು ಪೆಟ್ಟು

ದನ ತಿಂದದ್ದು ಮೊದಲು ಹೋಗುವುದು ಮೆಲುಕು ಚೀಲಕ್ಕೆ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಕಾದಿರುತ್ತವೆ, ರಕ್ತಕ್ಕೆ ಸೇರುವ ಮೊದಲೇ ಕೆಲವು ವಿಷಗಳನ್ನು ಮುರಿದುಹಾಕುತ್ತವೆ. ಹಂದಿಗೆ ಮೆಲುಕು ಚೀಲವಿಲ್ಲ. ಅದರ ಹೊಟ್ಟೆಯಲ್ಲೂ ಸೂಕ್ಷ್ಮಜೀವಿಗಳು ಹೇರಳವಾಗಿವೆ, ಆದರೆ ಅವು ನೆಲೆಸಿರುವುದು ಮುಖ್ಯವಾಗಿ ಕೊನೆಯ ಭಾಗದಲ್ಲಿ, ದೊಡ್ಡ ಕರುಳಿನಲ್ಲಿ. ವಿಷ ಮಾತ್ರ ಸಣ್ಣ ಕರುಳಿನ ಮೊದಲ ಭಾಗದಲ್ಲೇ ರಕ್ತಕ್ಕೆ ಇಳಿದುಬಿಡುತ್ತದೆ. ಕಾವಲುಗಾರ ಹಿತ್ತಲ ಬಾಗಿಲಲ್ಲಿ ಕೂತಿರುವಾಗ ಕಳ್ಳ ಮುಂಬಾಗಿಲಿನಿಂದ ಬಂದಂತೆ.

ಫ್ಯುಸೇರಿಯಂ ಜಾತಿಯ ಬೂಷ್ಟು ಬಿಡುವ ಡಿಆಕ್ಸಿನಿವಲೆನಾಲ್ ಎಂಬ ವಿಷಕ್ಕೆ, ಚುಟುಕಾಗಿ ಡಾನ್ ಎನ್ನುವ ಈ ವಿಷಕ್ಕೆ, ಹಂದಿಯಷ್ಟು ಸೂಕ್ಷ್ಮವಾದ ಸಾಕುಪ್ರಾಣಿ ಮತ್ತೊಂದಿಲ್ಲ. ಕಿಲೋ ಆಹಾರದಲ್ಲಿ ಒಂದು ಮಿಲಿಗ್ರಾಂ ಸೇರಿದರೂ ಹಂದಿ ತಿನ್ನುವುದನ್ನು ಕಡಿಮೆ ಮಾಡುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ವಾಂತಿ. ಐರೋಪ್ಯ ಒಕ್ಕೂಟ ಹಂದಿ ಆಹಾರಕ್ಕೆ ಸೂಚಿಸಿರುವ ಮಿತಿ 0.9 ಮಿಲಿಗ್ರಾಂ. ಇದೇ ಬೂಷ್ಟಿನ ಇನ್ನೊಂದು ವಿಷ ಜಿಯರಲೆನೋನ್, ಹೆಣ್ಣು ಹಾರ್ಮೋನಿನಂತೆ ನಟಿಸುತ್ತದೆ. ಇನ್ನೂ ಬೆದೆಗೆ ಬರುವ ವಯಸ್ಸಾಗದ ಹೆಣ್ಣು ಮರಿಗಳ ಯೋನಿದ್ವಾರ ಕೆಂಪಗೆ ಊದಿಕೊಂಡಿದ್ದರೆ ಅನುಭವಿ ಸಾಕಣೆದಾರ ಮೊದಲು ನೋಡಬೇಕಾದದ್ದು ಜೋಳದ ಚೀಲವನ್ನು. ಫ್ಯುಮೋನಿಸಿನ್ ಹೆಚ್ಚಾದಾಗ ಹಂದಿಯ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅಮೆರಿಕದಲ್ಲಿ 1989ರ ಮೆಕ್ಕೆಜೋಳ ತಿಂದ ಹಂದಿಗಳು ಸತ್ತದ್ದು ಹೀಗೆಯೇ. ಅಫ್ಲಾಟಾಕ್ಸಿನ್ ಯಕೃತ್ತನ್ನು ನಿಧಾನವಾಗಿ ಕೆಡಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ, ಬೆಳವಣಿಗೆಯನ್ನು ತಗ್ಗಿಸುತ್ತದೆ. ಮರಿಗಳು ಏಳಿಗೆಯಾಗುತ್ತಿಲ್ಲ ಎನ್ನುವುದಷ್ಟೇ ಕಣ್ಣಿಗೆ ಕಾಣುವ ಲಕ್ಷಣವಾದ್ದರಿಂದ ತಳಿಯನ್ನೋ ಜಂತುಹುಳುವನ್ನೋ ದೂರುವುದೇ ಹೆಚ್ಚು.

ಕಿತ್ತುಕೊಂಡ ಒಂದು ಆಮ್ಲಜನಕ

ಬ್ಯಾಕ್ಟೀರಿಯಾದ ಕಥೆ ಶುರುವಾಗುವುದು ದನದ ಮೆಲುಕು ಚೀಲದಿಂದಲೇ. ದನಗಳಿಗೆ ಡಾನ್ ಅಷ್ಟಾಗಿ ಏಕೆ ತಟ್ಟುವುದಿಲ್ಲ ಎಂದು ಹುಡುಕಿದ ವಿಜ್ಞಾನಿಗಳು, ಮೆಲುಕು ಚೀಲದ ದ್ರವದಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಬಿಬಿಎಸ್‌ಎಚ್ 797 ಎಂಬುದು ಅದರ ಗುರುತು. ಡಾನ್ ಅಣುವಿನಲ್ಲಿ ಎರಡು ಇಂಗಾಲ ಹಾಗೂ ಒಂದು ಆಮ್ಲಜನಕ ಸೇರಿದ ಸಣ್ಣ ತ್ರಿಕೋನವೊಂದಿದೆ. ಜೀವಕೋಶದಲ್ಲಿ ಪ್ರೋಟೀನ್ ತಯಾರಾಗುವುದನ್ನು ತಡೆಯುವ ಶಕ್ತಿ ಇರುವುದು ಮುಖ್ಯವಾಗಿ ಆ ತ್ರಿಕೋನಕ್ಕೆ. ಈ ಬ್ಯಾಕ್ಟೀರಿಯಾ ತನ್ನ ಕಿಣ್ವದಿಂದ ಆ ಒಂದು ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಉಳಿಯುವ ಡಾಮ್-1 ಎಂಬ ವಸ್ತುವಿಗೆ ಹಳೆಯ ವಿಷತ್ವ ಇರುವುದಿಲ್ಲ. 2013ರಲ್ಲಿ ಐರೋಪ್ಯ ಒಕ್ಕೂಟ ಇದನ್ನು ಹಂದಿ ಆಹಾರದಲ್ಲಿ ಬೆರೆಸಲು ಅನುಮತಿಸಿತು. ಬೂಷ್ಟಿನ ವಿಷವನ್ನು ಮುರಿಯುವ ಕೆಲಸಕ್ಕೆಂದೇ ಅಲ್ಲಿ ಅನುಮತಿ ಪಡೆದ ಮೊದಲ ಸೂಕ್ಷ್ಮಜೀವಿ ಇದು. ಕೆನಡಾದ ವಿಜ್ಞಾನಿಗಳು ಇಂಥದೇ ಕೆಲಸ ಮಾಡುವ ಬ್ಯಾಕ್ಟೀರಿಯಾಗಳನ್ನು ಕೋಳಿಯ ಕರುಳಿನಲ್ಲಿ ಗುರುತಿಸಿ, ಅವುಗಳಿಂದ ಹದಗೊಳಿಸಿದ ಜೋಳವನ್ನು ಹಂದಿಗಳಿಗೆ ತಿನ್ನಿಸಿ ನೋಡಿದ್ದಾರೆ. ಹಾಗಾಗಿ ಇದು ಗಾಳಿಮಾತಲ್ಲ.

ಆದರೆ ಪ್ರಯೋಗಾಲಯದ ಬಾಟಲಿಯಲ್ಲಿ ಆಗುವುದು ಹಂದಿಯ ಹೊಟ್ಟೆಯಲ್ಲೂ ಆಗಬೇಕಾದರೆ ಹಲವು ಗಂಡಾಂತರ ದಾಟಬೇಕು. ಈ ಬ್ಯಾಕ್ಟೀರಿಯಾ ಆಮ್ಲಜನಕವಿರುವ ಜಾಗದಲ್ಲಿ ಕೆಲಸ ಮಾಡದು. ಆದ್ದರಿಂದ ಚೀಲದೊಳಗೆ ಬೆರೆಸಿಟ್ಟ ಮಾತ್ರಕ್ಕೆ ಜೋಳದ ವಿಷ ಕಳೆಯುವುದಿಲ್ಲ, ಹೊಟ್ಟೆಗೆ ಹೋದ ಮೇಲಷ್ಟೇ ಅದು ಎಚ್ಚರಗೊಳ್ಳಬೇಕು. ಫೀಡ್ ಕಾರ್ಖಾನೆಯಲ್ಲಿ ಹಿಟ್ಟನ್ನು ಹಬೆಯಲ್ಲಿ ಬಿಸಿ ಮಾಡಿ ಗುಳಿಗೆಯಾಗಿ ಒತ್ತುವಾಗ ಶಾಖ ಹಲವೊಮ್ಮೆ 80 ಡಿಗ್ರಿ ದಾಟುತ್ತದೆ, ರಕ್ಷಣೆಯ ಲೇಪವಿಲ್ಲದ ಬ್ಯಾಕ್ಟೀರಿಯಾ ಅಲ್ಲಿಯೇ ಸಾಯುತ್ತದೆ. ಬದುಕಿದ್ದು ಜಠರದ ಆಮ್ಲವನ್ನು ತಾಳಬೇಕು. ತಾಳಿದ್ದು, ವಿಷ ರಕ್ತಕ್ಕೆ ಇಳಿಯುವ ಮೊದಲೇ ಕೆಲಸ ಮುಗಿಸಬೇಕು. ಅದಕ್ಕೆ ಸಿಗುವ ಸಮಯ ಕೆಲವೇ ಗಂಟೆ.

ಕಟ್ಟಿಹಾಕುವುದು ಮತ್ತು ಮುರಿಯುವುದು

ಅಂಗಡಿಯಲ್ಲಿ "ಟಾಕ್ಸಿನ್ ಬೈಂಡರ್" ಎಂದು ಸಿಗುವ ಪುಡಿಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿಯದೆ ಹೋಗುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಬೈಂಡರ್ ಎಂದರೆ ಬಹುಪಾಲು ಬೆಂಟೊನೈಟ್‌ನಂಥ ಜೇಡಿಮಣ್ಣು. ಅದು ವಿಷವನ್ನು ಮುರಿಯುವುದಿಲ್ಲ, ತನ್ನ ಪದರಗಳ ನಡುವೆ ಹಿಡಿದಿಟ್ಟು ಸಗಣಿಯೊಡನೆ ಹೊರಕ್ಕೆ ಒಯ್ಯುತ್ತದೆ. ಅಫ್ಲಾಟಾಕ್ಸಿನ್ ಅಣು ಚಪ್ಪಟೆಯಾಗಿರುವುದರಿಂದ ಈ ಪದರಗಳಲ್ಲಿ ಚೆನ್ನಾಗಿ ಸಿಕ್ಕಿಬೀಳುತ್ತದೆ. ಡಾನ್ ಸಿಕ್ಕಿಬೀಳುವುದಿಲ್ಲ. ಡಾನ್‌ಗೆ ಬ್ಯಾಕ್ಟೀರಿಯಾ ಹುಡುಕಬೇಕಾಗಿ ಬಂದದ್ದೇ ಈ ಕಾರಣಕ್ಕೆ.

ಮಜ್ಜಿಗೆಯಲ್ಲಿರುವ ಜಾತಿಯ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಅಫ್ಲಾಟಾಕ್ಸಿನ್ನನ್ನು ತಮ್ಮ ಮೈಗೋಡೆಗೆ ಅಂಟಿಸಿಕೊಳ್ಳುತ್ತವೆ. ಇದೂ ಕಟ್ಟಿಹಾಕುವ ಕೆಲಸವೇ. ಸತ್ತ ಬ್ಯಾಕ್ಟೀರಿಯಾ ಕೂಡ ಇದನ್ನು ಮಾಡಬಲ್ಲದು, ಹಾಗೆಯೇ ಕಟ್ಟು ಸಡಿಲಗೊಂಡು ವಿಷ ಮತ್ತೆ ಬಿಡುಗಡೆಯಾಗಲೂಬಹುದು. "ಪ್ರೊಬಯಾಟಿಕ್ ಇದೆ, ಆದ್ದರಿಂದ ವಿಷ ನಾಶವಾಗುತ್ತದೆ" ಎಂಬ ಪೊಟ್ಟಣದ ಮಾತು ಈ ವ್ಯತ್ಯಾಸವನ್ನು ಮುಚ್ಚುತ್ತದೆ.

ಮುರಿಯುವುದು ಎಂದಾಕ್ಷಣ ವಿಷ ಹೋಯಿತೆಂದೂ ಅಲ್ಲ. ಹಂದಿಯ ದೇಹವೇ ಜಿಯರಲೆನೋನನ್ನು ಆಲ್ಫಾ ಜಿಯರಲೆನೋಲ್ ಎಂಬ ರೂಪಕ್ಕೆ ಬದಲಾಯಿಸುತ್ತದೆ, ಅದು ಮೂಲ ವಸ್ತುವಿಗಿಂತಲೂ ಬಲವಾದ ಹಾರ್ಮೋನಿನಂತೆ ವರ್ತಿಸುತ್ತದೆ. ಕೆಲವು ಸೂಕ್ಷ್ಮಜೀವಿಗಳೂ ಇದೇ ಬದಲಾವಣೆ ಮಾಡುತ್ತವೆ. ಪರೀಕ್ಷೆಯಲ್ಲಿ ಜಿಯರಲೆನೋನ್ ಪ್ರಮಾಣ ಇಳಿದಿರುತ್ತದೆ, ಊತ ಮಾತ್ರ ಹೆಚ್ಚಿರುತ್ತದೆ. ಆದ್ದರಿಂದ ಇಂಥ ಉತ್ಪನ್ನವನ್ನು ಅಳೆಯುವಾಗ ಎಷ್ಟು ವಿಷ ಕಡಿಮೆಯಾಯಿತು ಎನ್ನುವುದರ ಜೊತೆಗೆ, ಆ ಜಾಗದಲ್ಲಿ ಏನು ಹುಟ್ಟಿತು ಎಂದೂ ಕೇಳಬೇಕಾಗುತ್ತದೆ.

ನಮ್ಮ ಜೋಳದ ವಿಷ ಯಾವುದು

ಡಾನ್ ಹೆಚ್ಚಾಗಿ ತಂಪು ಸೀಮೆಯ ವಿಷ. ಹೂ ಬಿಡುವಾಗ ತಂಪು, ಮಳೆ ಎರಡೂ ಇರುವ ಕೆನಡಾ, ಅಮೆರಿಕದ ಉತ್ತರ ಭಾಗ, ಮಧ್ಯ ಯುರೋಪಿನ ಗೋಧಿ ಮತ್ತು ಮೆಕ್ಕೆಜೋಳಕ್ಕೆ ಅದು ವರ್ಷವೂ ಕಾಡುವ ಶತ್ರು. ಅಲ್ಲಿಯ ಹಂದಿ ಉದ್ಯಮ ದೊಡ್ಡದು, ನಷ್ಟವೂ ದೊಡ್ಡದು, ಹಾಗಾಗಿ ಸಂಶೋಧನೆಯ ಹಣ ಅತ್ತ ಹರಿಯಿತು, ಪಳಗಿದ ಬ್ಯಾಕ್ಟೀರಿಯಾವೂ ಡಾನ್‌ನದೇ ಆಯಿತು.

ದಾವಣಗೆರೆ, ಜಗಳೂರು, ಭರಮಸಾಗರ, ಹೊಳಲ್ಕೆರೆ ಭಾಗದ ಪರಿಸ್ಥಿತಿ ಬೇರೆ. ಇಲ್ಲಿ ಮುಂಗಾರಿನಲ್ಲಿ ಬಿತ್ತಿದ ಮೆಕ್ಕೆಜೋಳ ಕಾಳು ಕಟ್ಟುವ ಹೊತ್ತಿಗೆ ಒಮ್ಮೊಮ್ಮೆ ಬಿಸಿಲು, ಬರ. ಕೊಯ್ಲಿಗೆ ಬರುವ ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು ಮಳೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಜಡಿಮಳೆ. ಬಿಸಿಲಿಗೆ ಬಾಡಿದ ಗಿಡದಲ್ಲಿ ಆಸ್ಪರ್ಜಿಲಸ್ ಸುಲಭವಾಗಿ ಹೊಗುತ್ತದೆ, ಬೆಚ್ಚನೆಯ ತೇವದಲ್ಲಿ ಹಬ್ಬುತ್ತದೆ. ಬಿಸಿ ಸೀಮೆಯ ಫ್ಯುಸೇರಿಯಂ ಜಾತಿಗಳು ಬಿಡುವುದು ಹೆಚ್ಚಾಗಿ ಫ್ಯುಮೋನಿಸಿನ್. ಇದರ ಮೇಲೆ, ರೈತರು ಲದ್ದಿ ಹುಳು ಎಂದು ಕರೆಯುವ, ಫಾಲ್ ಆರ್ಮಿವರ್ಮ್ ಎಂಬ ವಿದೇಶಿ ಸೈನಿಕ ಹುಳು ದೇಶದಲ್ಲೇ ಮೊದಲು ಪತ್ತೆಯಾದದ್ದು 2018ರಲ್ಲಿ ನೆರೆಯ ಶಿವಮೊಗ್ಗದಲ್ಲಿ. ಅದು ತೆನೆಗೆ ಕೊರೆದ ತೂತು ಬೂಷ್ಟಿಗೆ ತೆರೆದ ಬಾಗಿಲು.

ಅಂದರೆ ಇಲ್ಲಿ ಮುಖ್ಯವಾಗಿ ಎದುರಿಸಬೇಕಾದದ್ದು ಅಫ್ಲಾಟಾಕ್ಸಿನ್ ಮತ್ತು ಫ್ಯುಮೋನಿಸಿನ್, ಪಳಗಿದ ಬ್ಯಾಕ್ಟೀರಿಯಾ ಇರುವುದು ಡಾನ್‌ಗೆ. ತ್ರಿಕೋನದಿಂದ ಆಮ್ಲಜನಕ ಕೀಳುವ ಕಿಣ್ವಕ್ಕೆ ಫ್ಯುಮೋನಿಸಿನ್‌ನಲ್ಲಿ ಕೀಳಲು ಅಂಥ ತ್ರಿಕೋನವೇ ಇಲ್ಲ. ಬೀಗ ಬೇರೆಯಾದರೆ ಕೀಲಿಕೈಯೂ ಬೇರೆಯಾಗಬೇಕು. ಫ್ಯುಮೋನಿಸಿನ್‌ಗೆ ಒಂದು ಕೀಲಿಕೈ ಇದೆ ಎನ್ನುವುದೂ ನಿಜ: ಮಣ್ಣಿನ ಬ್ಯಾಕ್ಟೀರಿಯಾವೊಂದರ ವಂಶವಾಹಿಯನ್ನು ಯೀಸ್ಟ್‌ನಲ್ಲಿ ಸೇರಿಸಿ ತಯಾರಿಸಿದ ಎಸ್ಟರೇಸ್ ಕಿಣ್ವಕ್ಕೆ 2014ರಲ್ಲಿ ಯುರೋಪಿನಲ್ಲಿ ಹಂದಿಗಳಿಗೆ ಅನುಮತಿ ಸಿಕ್ಕಿತು. ಅಫ್ಲಾಟಾಕ್ಸಿನ್ ಮುರಿಯುವ ಕಿತ್ತಳೆ ಬಣ್ಣದ ಬ್ಯಾಕ್ಟೀರಿಯಾವೊಂದನ್ನು 1966ರಷ್ಟು ಹಿಂದೆಯೇ ಅಮೆರಿಕದ ವಿಜ್ಞಾನಿಗಳು ಗುರುತಿಸಿದ್ದರು, ಆದರೆ ಆಹಾರಕ್ಕೇ ಬಣ್ಣ ಬಿಡುವ ಅದು ಕೊಟ್ಟಿಗೆಯವರೆಗೆ ಬರಲಿಲ್ಲ. ಅಫ್ಲಾಟಾಕ್ಸಿನ್ ವಿಷಯದಲ್ಲಿ ಇವತ್ತಿಗೂ ಭರವಸೆಯಿಂದ ಹೇಳಬಹುದಾದ ಸಾಧನ ಆ ಜೇಡಿಮಣ್ಣೇ.

ಯಾರು ಏನು ಹೇಳುತ್ತಾರೆ

ಫೀಡ್ ಉದ್ಯಮದ ವಾದ ಸರಳವಾಗಿದೆ. ವಿಷವಿಲ್ಲದ ಜೋಳ ಬೇಕೆಂದರೆ ಸಿಗುವುದಿಲ್ಲ, ಸಿಕ್ಕಿದ್ದನ್ನು ಸುರಕ್ಷಿತಗೊಳಿಸುವ ತಂತ್ರ ಇದ್ದರೆ ಬಳಸಬೇಕು, ಇಲ್ಲದಿದ್ದರೆ ರೈತನ ಜೋಳವೂ ಹಾಳು, ಹಂದಿಯೂ ಹಾಳು. ಹಂದಿ ಸಾಕಣೆಯ ಖರ್ಚಿನಲ್ಲಿ ಮೂರನೆಯ ಎರಡು ಪಾಲು ಆಹಾರದ್ದೇ ಆಗಿರುವಾಗ, ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ನೂರು ಹೆಣ್ಣು ಹಂದಿಗಳ ಘಟಕಕ್ಕೆ 30 ಲಕ್ಷ ರೂಪಾಯಿವರೆಗೆ ಸಹಾಯಧನ ಪಡೆದು ಸಾಕಣೆಗೆ ಇಳಿದ ಯುವಕರಿಗೆ ಈ ವಾದ ಹಿಡಿಸುವುದು ಸಹಜ.

ಎದುರು ವಾದ ಆರೋಗ್ಯದ ಕಡೆಯಿಂದ ಬರುತ್ತದೆ. ಮದ್ದು ಇದೆ ಎಂದಾಕ್ಷಣ ಕೆಟ್ಟ ಜೋಳಕ್ಕೆ ಮಾರುಕಟ್ಟೆ ಹುಟ್ಟುತ್ತದೆ. ಎಸೆಯಬೇಕಾದದ್ದು ಹಂದಿಯ ಗೋದಲೆಗೆ ಬರುತ್ತದೆ. ಅದೇ ಚೀಲ ಮುಂದೆ ಹಸುವಿಗೆ ಹೋದರೆ ಅಫ್ಲಾಟಾಕ್ಸಿನ್ ಎಂ1 ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ಮಿತಿ ಮೀರಿದ ಧಾನ್ಯವನ್ನು ಒಳ್ಳೆಯದರೊಡನೆ ಬೆರೆಸಿ ತೆಳುಗೊಳಿಸುವುದನ್ನು ಯುರೋಪ್ ಕಾನೂನಿನಲ್ಲೇ ನಿಷೇಧಿಸಿರುವುದು ಇದೇ ಭಯಕ್ಕೆ. ಬ್ಯಾಕ್ಟೀರಿಯಾಕ್ಕೆ ಅಲ್ಲಿ ಕೊಟ್ಟ ಅನುಮತಿಯೂ ಕೆಟ್ಟ ಜೋಳ ಬಳಸಲು ಕೊಟ್ಟ ಪರವಾನಗಿಯಲ್ಲ. ಮಿತಿಯೊಳಗಿರುವ ಆಹಾರದಲ್ಲಿ ಉಳಿದ ವಿಷದ ಹೊರೆಯನ್ನು ಇನ್ನಷ್ಟು ತಗ್ಗಿಸುವುದಕ್ಕೆ ಕೊಟ್ಟದ್ದು. ಸುದ್ದಿ ಇಲ್ಲಿಗೆ ಬರುವಷ್ಟರಲ್ಲಿ ಬಿಟ್ಟುಹೋದ ಸಾಲು ಇದೇ.

ಎರಡೂ ವಾದಗಳಲ್ಲಿ ಕಾಣದವನು ಒಬ್ಬನಿದ್ದಾನೆ: ಊರಂಚಿನಲ್ಲಿ ಹತ್ತಿಪ್ಪತ್ತು ಹಂದಿ ಸಾಕಿ, ಹೋಟೆಲಿನ ಎಂಜಲಿಗೆ ತೌಡು, ನುಚ್ಚು ಬೆರೆಸಿ ಹಾಕುವವನು. ಅವನು ಕಾರ್ಖಾನೆಯ ಫೀಡ್ ಕೊಳ್ಳುವುದಿಲ್ಲ, ಆದ್ದರಿಂದ ಯಾವ ಮಾನದಂಡವೂ ಯಾವ ಬ್ಯಾಕ್ಟೀರಿಯಾವೂ ಅವನನ್ನು ತಲುಪುವುದಿಲ್ಲ. ಅವನಿಗೆ ಅಗ್ಗಕ್ಕೆ ಸಿಗುವುದು ಜೋಳ ಜರಡಿ ಹಿಡಿದಾಗ ಕೆಳಗೆ ಬೀಳುವ ಒಡಕಲು ಕಾಳು, ಪುಡಿ, ಹೊಟ್ಟು. ಬೂಷ್ಟಿನ ವಿಷ ಅತಿ ಹೆಚ್ಚು ಸೇರಿರುವುದೂ ಅದರಲ್ಲಿಯೇ. ಜರಡಿ ಹಿಡಿಯುವುದು ಜೋಳವನ್ನು ಶುದ್ಧ ಮಾಡುವ ಒಳ್ಳೆಯ ಉಪಾಯ, ಆದರೆ ಜರಡಿಯ ಕೆಳಗಿನದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುತ್ತಿಲ್ಲ.

ಡಿಸ್ಟಿಲರಿಯ ಉಳಿಕೆ

ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯಿಂದಾಗಿ ಮೆಕ್ಕೆಜೋಳ ಈಗ ಡಿಸ್ಟಿಲರಿಗಳ ಕಚ್ಚಾವಸ್ತು. ಕೆಟ್ಟ ಜೋಳ ಅಲ್ಲಿಗೆ ಹೋಗಲಿ, ಇಂಧನಕ್ಕೆ ವಿಷವಿದ್ದರೇನು ಎಂಬ ಸಲಹೆ ಮೇಲ್ನೋಟಕ್ಕೆ ಚೆನ್ನಾಗಿದೆ. ತೊಂದರೆ ಉಳಿಕೆಯಲ್ಲಿದೆ. ಕಾಳಿನ ಮೂರನೆಯ ಎರಡು ಪಾಲಿನಷ್ಟಿರುವ ಪಿಷ್ಟ ಎಥೆನಾಲ್ ಆಗಿ, ಅನಿಲವಾಗಿ ಹೋಗುತ್ತದೆ. ಹುದುಗಿಗೂ ಭಟ್ಟಿಗೂ ಜಗ್ಗದ ವಿಷ ಉಳಿದ ಮೂರನೆಯ ಒಂದು ಪಾಲಿನಲ್ಲಿ ನಿಲ್ಲುತ್ತದೆ. ಡಿಡಿಜಿಎಸ್ ಎಂಬ ಆ ಉಳಿಕೆಯಲ್ಲಿ ವಿಷ ಮೂಲ ಜೋಳಕ್ಕಿಂತ ಸುಮಾರು ಮೂರು ಪಟ್ಟು. ಸೋಯಾ ಹಿಂಡಿಗಿಂತ ಅಗ್ಗ, ಪ್ರೋಟೀನ್ ಹೇರಳ ಎಂಬ ಕಾರಣಕ್ಕೆ ಅದು ಕೋಳಿ, ದನ, ಹಂದಿಗಳ ಆಹಾರಕ್ಕೆ ಮರಳುತ್ತದೆ. ಲಾರಿಯಲ್ಲಿ 15 ಪಿಪಿಬಿ ಇದ್ದು ಪಾಸಾದ ಜೋಳ ಉಳಿಕೆಯಾಗಿ ಬರುವಾಗ 45 ಆಗಿರುತ್ತದೆ.

ಏಳು ಕಿಲೋ

ವಿಷ ಹುಟ್ಟಿದ ಮೇಲೆ ಮುರಿಯುವುದು ಕಷ್ಟ, ಹುಟ್ಟದಂತೆ ತಡೆಯುವುದು ಸುಲಭ ಎನ್ನುವುದರಲ್ಲಿ ವಿಜ್ಞಾನಿಗಳಿಗೆ ಭಿನ್ನಾಭಿಪ್ರಾಯವಿಲ್ಲ. ಕಾಳಿನ ತೇವಾಂಶ ಬೇಗನೆ ಶೇ 14ಕ್ಕಿಂತ ಕೆಳಗಿಳಿದರೆ ಆಸ್ಪರ್ಜಿಲಸ್ ಹಬ್ಬಲಾರದು. ಹಾಗಿದ್ದೂ ಹೆದ್ದಾರಿ 48ರ ಸರ್ವಿಸ್ ರಸ್ತೆಯುದ್ದಕ್ಕೂ ನವೆಂಬರ್‌ನಲ್ಲಿ ಕಾಣುವ ದೃಶ್ಯವೇ ಬೇರೆ. ಡಾಂಬರಿನ ಮೇಲೆ ಹರಡಿದ ಜೋಳ, ಮೋಡ ಕವಿದೊಡನೆ ಗುಡ್ಡೆ ಮಾಡಿ ಮುಚ್ಚಿದ ತಾಡಪಾಲು, ಎರಡು ದಿನ ಬಿಡದ ಜಡಿ. ಮೂರನೆಯ ದಿನ ತಾಡಪಾಲು ಎತ್ತಿ ಗುಡ್ಡೆಯೊಳಗೆ ಕೈ ಹಾಕಿದರೆ ಒಳಗೆ ಬಿಸಿ. ಆ ಬಿಸಿಯೇ ಬೂಷ್ಟು ಉಸಿರಾಡುತ್ತಿರುವ ಗುರುತು. ವಿಷ ಹುಟ್ಟುವುದು ಅಲ್ಲಿಯೇ, ಆ ಹೊತ್ತಿನಲ್ಲಿಯೇ.

ರೈತ ಸರಿಯಾಗಿ ಒಣಗಿಸುವುದಿಲ್ಲ ಎಂದು ದೂರುವ ಮೊದಲು ಒಂದು ಲೆಕ್ಕ ನೋಡಬೇಕು. ಶೇ 20 ತೇವಾಂಶವಿರುವ ಒಂದು ಕ್ವಿಂಟಲ್ ಜೋಳದಲ್ಲಿ ಒಣ ಪದಾರ್ಥ 80 ಕಿಲೋ. ಅದನ್ನು ಶೇ 14ಕ್ಕೆ ಒಣಗಿಸಿದರೆ ಉಳಿಯುವ ತೂಕ 93 ಕಿಲೋ, ಅಂದರೆ ಏಳು ಕಿಲೋ ಗಾಳಿಗೆ ಹೋಯಿತು. ಶೇ 12ಕ್ಕೆ ಇಳಿಸಿದರೆ ಇನ್ನೂ ಎರಡು ಕಿಲೋ. ಕ್ವಿಂಟಲಿಗೆ 2,000 ರೂಪಾಯಿ ಎಂದಿಟ್ಟುಕೊಂಡರೂ ಆ ಏಳು ಕಿಲೋಗೆ 140 ರೂಪಾಯಿ, ಜೊತೆಗೆ ಹರಡುವ, ಬಳಿಯುವ, ಕಾಯುವ ಆಳಿನ ಕೂಲಿ ಬೇರೆ. 2025ರಂತೆ ಬೆಲೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗಿರುವ ವರ್ಷದಲ್ಲಿ ಹಸಿಯಾಗಿಯೇ ಮಾರಿ ಕೈತೊಳೆದುಕೊಳ್ಳುವುದು ಅವನ ಮಟ್ಟಿಗೆ ಲೆಕ್ಕಕ್ಕೆ ಸರಿ. ಹಸಿ ಜೋಳ ಗೋದಾಮಿಗೆ ಹೋಗುತ್ತದೆ, ಅಲ್ಲಿ ಬೂಷ್ಟು ಬರುತ್ತದೆ, ನುಚ್ಚಾಗಿ ಇಲ್ಲವೇ ಫೀಡ್ ಆಗಿ ಅದೇ ಜಿಲ್ಲೆಯ ಹಂದಿ ಗೂಡಿಗೆ ಮರಳುತ್ತದೆ, ಆಗ ಅದರೊಡನೆ ಬ್ಯಾಕ್ಟೀರಿಯಾದ ಪೊಟ್ಟಣವನ್ನೂ ಹಂದಿ ಸಾಕುವವನು ಹಣ ಕೊಟ್ಟು ತರಬೇಕಾಗುತ್ತದೆ. ತೇವ ಹೆಚ್ಚಿದ್ದರೆ ದರ ಕಡಿಯುವ ಕ್ರಮ ಎಪಿಎಂಸಿ ಅಂಗಳದಲ್ಲಿ ಉಂಟು. ಶೇ 12ಕ್ಕೆ ಒಣಗಿಸಿ ತಂದವನಿಗೆ ಕಳೆದುಹೋದ ಒಂಬತ್ತು ಕಿಲೋದ ಬೆಲೆ ಸೇರಿಸಿ ಕೊಡುವ ತಕ್ಕಡಿ ಅಪರೂಪ.